ಲೇಪವಿಲ್ಲದ ಕನ್ನಡಿಯಲ್ಲಿ ಷಷ್ಠಿಯ ಚಂದ್ರ

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಕೆ.ಆರ್. ನಗರದಲ್ಲಿ ಹುಣಸೂರಿನ ಬಸ್ಸು ಹತ್ತಿದೆ. ಶಾಲೆಗೆ ಆ ಮಧ್ಯಾಹ್ನವೂ ಶನಿವಾರವೂ ರಜೆ ಹಾಕಿದ್ದೆ. ಬೆನ್ನಿನ ಚೀಲದಲ್ಲಿ ಕ್ಯಾಮೆರಾ ಮತ್ತು ಆರುನೂರು ಮಿಲಿಮೀಟರಿನ ಲೆನ್ಸು, ಕೈಯಲ್ಲಿ ಟ್ರೈಪಾಡು, ಬಟ್ಟೆಯ ಚೀಲದಲ್ಲಿ ಎರಡು ಸೀರೆ, ಒಂದು ಸ್ವೆಟರು. ಮಾರ್ಗಶಿರ ಮಾಸದ ಚೌತಿ. ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿತ್ತು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಹತ್ತು ವರ್ಷದಿಂದ ಮನೆಯ ತಾರಸಿಯ ಮೇಲೆ ನಿಂತು ಚಂದ್ರನ ಫೋಟೊ ತೆಗೆಯುತ್ತಿದ್ದೇನೆ. ನನ್ನಂಥ ಮೂವತ್ತು ನಲವತ್ತು ಜನರ ಒಂದು ವಾಟ್ಸಾಪ್ ಗುಂಪಿದೆ. ಎಲ್ಲರೂ ಲೆನ್ಸನ್ನೋ ಟೆಲಿಸ್ಕೋಪನ್ನೋ ಅಂಗಡಿಯಿಂದ ಕೊಂಡವರು. ಒಬ್ಬರು ಮಾತ್ರ ತಮ್ಮ ಟೆಲಿಸ್ಕೋಪಿಗೆ ತಾವೇ ಕನ್ನಡಿ ಉಜ್ಜಲು ಹೊರಟಿದ್ದರು. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ನಂಜುಂಡ. ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಅವರದು. ಆರು ಇಂಚು ಅಗಲದ ದಪ್ಪ ಗಾಜಿನ ಬಿಲ್ಲೆಯನ್ನು ಇನ್ನೊಂದು ಬಿಲ್ಲೆಯ ಮೇಲಿಟ್ಟು, ನಡುವೆ ಗಾಜು ಸವೆಸುವ ಪುಡಿ ಹಾಕಿ, ಎರಡು ವರ್ಷ ಉಜ್ಜಿದ್ದರು. ಅನುಮಾನ ಬಂದಾಗಲೆಲ್ಲ ನನಗೆ ಫೋನು ಮಾಡುತ್ತಿದ್ದರು. ಮುಖ ನೋಡಿದ್ದು ಫೋಟೊದಲ್ಲಿ ಮಾತ್ರ. ಕಳೆದ ಯುಗಾದಿ ಕಳೆದು ವಾರವಾಗಿರಲಿಲ್ಲ, ಎದೆನೋವಿನಿಂದ ತೀರಿಕೊಂಡರೆಂಬ ಸುದ್ದಿ ಅವರದೇ ನಂಬರಿನಿಂದ ಗುಂಪಿಗೆ ಬಂತು. ಕಳಿಸಿದವರು ಅವರ ಹೆಂಡತಿ ಭಾಗ್ಯ.

ಆ ಕನ್ನಡಿಗೆ ಹೊಳಪಿನ ಲೇಪ ಹಾಕಿಸಿ, ಹಿಂಬದಿಯಲ್ಲಿ ನಂಜುಂಡನ ಹೆಸರು ಕೆತ್ತಿಸಿ ಮನೆಯವರಿಗೆ ಕೊಡುವುದೆಂದು ಗುಂಪಿನಲ್ಲಿ ತೀರ್ಮಾನವಾಯಿತು. ಲೇಪ ಹಾಕುವುದು ಬೆಂಗಳೂರಿನಲ್ಲಿ. ಮೈಸೂರಿನ ಸದಸ್ಯರೊಬ್ಬರು ಮಂಗಳವಾರ ಬೆಳಿಗ್ಗೆ ಅಲ್ಲಿಗೆ ಹೋಗುವವರಿದ್ದರು. ಅದಕ್ಕೆ ಮೊದಲು ಗಾಜಿನ ಆಕಾರ ಸರಿಯಿದೆಯೇ ಎಂದು ಯಾರಾದರೂ ನೋಡಬೇಕಿತ್ತು. ಆಕಾರ ತಪ್ಪಿದ್ದರೆ ಲೇಪ ಹಾಕಿ ಪ್ರಯೋಜನವಿಲ್ಲ. ಲೇಪವಿಲ್ಲದ ಬರೀ ಗಾಜೂ ಬಿದ್ದ ಬೆಳಕಿನಲ್ಲಿ ಅಲ್ಪಸ್ವಲ್ಪವನ್ನು ಹಿಂದಿರುಗಿಸುತ್ತದೆ. ನಕ್ಷತ್ರಗಳಿಗೆ ಅದು ಸಾಲದು, ಚಂದ್ರನಿಗೆ ಧಾರಾಳ. ಹಾಗಾಗಿ ಪರೀಕ್ಷೆ ಚಂದ್ರನ ಮೇಲೆಯೇ. ಎಲ್ಲರಿಗಿಂತ ಹತ್ತಿರದವಳು ನಾನು. ಭಾಗ್ಯ ಒಂದು ಧ್ವನಿಸಂದೇಶ ಕಳಿಸಿದ್ದರು: "ಟೀಚರ್, ಗ್ಲಾಸು ಇಲ್ಲೇ ಅದೆ. ನೀವೇ ಬಂದು ನೋಡಿ ಯೋಳಿ."

ಹುಣಸೂರಿನಲ್ಲಿ ಮುಕ್ಕಾಲು ಗಂಟೆ ಕಾದೆ. ನಿಲ್ದಾಣದೆದುರಿನ ಹೋಟೆಲಿನಲ್ಲಿ ಮಸಾಲೆ ವಡೆ ತಿಂದು ಕಾಫಿ ಕುಡಿದೆ. ವಡೆ ಬಿಸಿಯಾಗಿತ್ತು, ಕಾಫಿ ಆರಿಹೋಗಿತ್ತು. ಪಿರಿಯಾಪಟ್ಟಣದ ದಾರಿಯಲ್ಲಿ ಹೊಗೆಸೊಪ್ಪಿನ ಬೇಲುಗಳನ್ನು ಹೇರಿಕೊಂಡ ಟ್ರ್ಯಾಕ್ಟರುಗಳು ಹರಾಜು ಮಾರುಕಟ್ಟೆಯ ಕಡೆಗೆ ಸಾಲಾಗಿ ಹೋಗುತ್ತಿದ್ದವು. ಕಿಟಕಿ ಮುಚ್ಚಿದರೂ ಬಸ್ಸಿನೊಳಗೆ ಅದರ ವಾಸನೆ ತುಂಬಿಕೊಂಡಿತು. ಪಿರಿಯಾಪಟ್ಟಣದಲ್ಲಿ ಇಳಿಯುವಾಗ ಪಶ್ಚಿಮದಲ್ಲಿ, ಕೊಡಗಿನ ಕಡೆಯಿಂದ, ಬೂದುಬಣ್ಣದ ಮೋಡ ಏಳುತ್ತಿರುವುದು ಕಂಡಿತು. ಹಾರನಹಳ್ಳಿ ಮುಟ್ಟುವ ಹೊತ್ತಿಗೆ ಅದು ಅರ್ಧ ಆಕಾಶ ನುಂಗಿತ್ತು.

ಭಾಗ್ಯ ಬಸ್ಸಿನ ಬಳಿಗೇ ಬಂದಿದ್ದರು. ನಲವತ್ತೆರಡು ನಲವತ್ಮೂರರ ವಯಸ್ಸು, ಗಟ್ಟಿ ಮೈಕಟ್ಟು. ನನ್ನ ಟ್ರೈಪಾಡನ್ನು ಕೇಳದೆಯೇ ತೆಗೆದುಕೊಂಡು ಹೆಗಲಿಗೇರಿಸಿದರು. "ಮೋಡ ತಂದ್ಬುಟ್ರಲ್ಲ ಟೀಚರ್," ಎಂದರು. ಗಂಡನ ಅಂಗಡಿಯನ್ನು ಈಗ ಅವರೇ ನಡೆಸುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯುದ್ದಕ್ಕೂ ಬಿಚ್ಚಿದ ಮೋಟಾರುಗಳು, ತಾಮ್ರದ ತಂತಿಯ ಉಂಡೆಗಳು. ಒಂದು ಮೂಲೆಯಲ್ಲಿ ಮರಳು ತುಂಬಿದ ಎಣ್ಣೆಯ ಡ್ರಮ್ಮು. ಅದರ ಮೇಲೆಯೇ ಗಾಜು ಉಜ್ಜಿದ್ದು. ಟೆಲಿಸ್ಕೋಪಿನ ಕೊಳವೆ ಗೋಡೆಗೆ ಒರಗಿ ನಿಂತಿತ್ತು. ಅದು ಬೋರ್‌ವೆಲ್ಲಿನ ಕೇಸಿಂಗ್ ಪೈಪು; ನಾಲ್ಕಡಿಗಿಂತ ಸ್ವಲ್ಪ ಉದ್ದ, ಒಳಗೆ ಕಪ್ಪು ಬಣ್ಣ. ಕ್ಯಾಮೆರಾ ಕೂರಲು ಎಷ್ಟು ಉದ್ದ ಬಿಡಬೇಕೆಂದು ನಂಜುಂಡ ನನ್ನನ್ನೇ ಕೇಳಿ ಕತ್ತರಿಸಿದ್ದರು. ನಾನು ಹೇಳಿದ ಅಳತೆ ಒಂದು ಕೂದಲೂ ತಪ್ಪಿರಲಿಲ್ಲ.

ಕನ್ನಡಿಯನ್ನು ಭಾಗ್ಯ ಚಪಾತಿ ಹಾಕಿಡುವ ಸ್ಟೀಲ್ ಡಬ್ಬಿಯಿಂದ ತೆಗೆದರು. ಹಳೆ ಸೀರೆಯ ತುಂಡು ಬಿಡಿಸಿದಾಗ ಒಳಗೆ ಏನೂ ಇಲ್ಲವೇನೋ ಅನ್ನಿಸುವಷ್ಟು ತಿಳಿಯಾದ ಗಾಜು. ಬಲ್ಬಿನ ಬೆಳಕಿಗೆ ಓರೆಯಾಗಿ ಹಿಡಿದು ಹುಡುಕಿದೆ. ಒಂದು ಗೀರಿಲ್ಲ, ಒಂದು ಚುಕ್ಕಿಯಿಲ್ಲ.

"ಹೊಳಪು ಬಹಳ ಚೆನ್ನಾಗಿ ಬಂದಿದೆ," ಎಂದೆ.

"ಒಳಪಲ್ಲ ಟೀಚರ್, ಆಕಾರ?" ಎಂದರು ಭಾಗ್ಯ.

ಆಕಾರ ಕೈಯಲ್ಲಿ ಹಿಡಿದರೆ ತಿಳಿಯುವುದಿಲ್ಲ. ಕೂದಲೆಳೆಯ ಸಾವಿರದಲ್ಲೊಂದು ಪಾಲಿನ ತಪ್ಪು ಸಾಕು, ಚಿತ್ರ ಕೆಡುತ್ತದೆ. ಹೊರಗೆ ಬಂದು ನೋಡಿದೆವು. ಚೌತಿಯ ಚಂದ್ರ ಇರಬೇಕಾದ ಜಾಗದಲ್ಲಿ ಒಂದು ಬಿಳಿಯ ಮಬ್ಬು. ಅದೂ ಐದು ನಿಮಿಷದಲ್ಲಿ ಹೋಯಿತು. ಮುದ್ದೆ, ಹಿತಕಿದವರೆ ಸಾರು ಉಂಡು ಮಲಗಿದೆ.

ಶನಿವಾರ ಇಡೀ ದಿನ ಮೋಡ. ಬೆಟ್ಟದಪುರದ ಬೆಟ್ಟದ ತಲೆ ಕಾಣಿಸಲೇ ಇಲ್ಲ. ಬೆಳಿಗ್ಗೆ ಇಬ್ಬರು ರೈತರು ಮೋಟಾರು ತಂದಿಟ್ಟು ಹೋದರು. ಭಾಗ್ಯ ನೆಲದ ಮೇಲೆ ಕುಳಿತು ತಂತಿ ಸುತ್ತುತ್ತ ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಮಧ್ಯಾಹ್ನ ನಾನು ಡ್ರಮ್ಮಿನ ಬಳಿ ನಿಂತು, ಉಜ್ಜುವುದು ಹೇಗೆಂದು ಪುಸ್ತಕದಲ್ಲಷ್ಟೇ ಓದಿದ್ದೇನೆ ಎಂದೆ. ಅವರು ಎದ್ದು ಬಂದು, ಹಳೆಯ ಒಡಕು ಗಾಜೊಂದನ್ನು ಮೇಲಿಟ್ಟು ತೋರಿಸಿದರು. ಎರಡೂ ಅಂಗೈ ಗಾಜಿನ ಮೇಲೆ, ಮುಂದಕ್ಕೆ ಒಂದು ತಳ್ಳು, ಹಿಂದಕ್ಕೆ ಒಂದು ಎಳೆತ, ಆರು ಸಲವಾದ ಮೇಲೆ ಗಾಜನ್ನು ಚೂರು ತಿರುಗಿಸಿ ಡ್ರಮ್ಮಿನ ಸುತ್ತ ಎಡಕ್ಕೆ ಒಂದು ಹೆಜ್ಜೆ. ಮಾತಾಡುತ್ತಲೇ ಡ್ರಮ್ಮಿಗೆ ಒಂದು ಸುತ್ತು ಹಾಕಿದರು. ಕಾಲು ಎಲ್ಲೂ ತಡವರಿಸಲಿಲ್ಲ. ಗಂಡ ಮಾಡುವುದನ್ನು ನೋಡಿ ನೋಡಿ ರೂಢಿಯಾಗಿರಬೇಕು ಅಂದುಕೊಂಡೆ.

ಸಂಜೆ ಐದಕ್ಕೆ ಹನಿ ಬಿತ್ತು. ಗುಂಪಿನಲ್ಲಿ ಸಂದೇಶದ ಮೇಲೆ ಸಂದೇಶ. "ನೋಡಿದಿರಾ?" "ಹೇಗಿದೆ?" "ಹೆಸರು ಯಾವ ಅಕ್ಷರದಲ್ಲಿ ಕೆತ್ತಿಸೋಣ?" ಉಳಿದಿದ್ದು ಭಾನುವಾರದ ಒಂದು ಸಂಜೆ. ಸೋಮವಾರ ನಾನು ಶಾಲೆಯಲ್ಲಿರಬೇಕು. ಭಾಗ್ಯ ಬಾಗಿಲಲ್ಲಿ ನಿಂತು ತಮ್ಮನಿಗೆ ಫೋನು ಮಾಡಿದರು. ಅವರ ತವರು ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆಯ ಬಳಿ. ತಮ್ಮ ಶಿವಣ್ಣ ಅಲ್ಲಿ ಬೇಸಾಯ ಮಾಡಿಕೊಂಡಿದ್ದಾರೆ.

"ಅಲ್ಲಿ ಮೋಡ ಅದೇನ್ಲಾ?" ಎಂದರು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: "ಮೋಡ ಎಲ್ಲದೆ ಅಕ್ಕಾ? ರಾಗಿ ಒಕ್ತಾ ಇವ್ನಿ. ಬಿಸ್ಲು ಸುಡ್ತದೆ."

ಭಾಗ್ಯ ಫೋನಿಟ್ಟು ನನ್ನ ಕಡೆ ತಿರುಗಿದರು. "ಓಗಾಣ ಟೀಚರ್."

ಭಾನುವಾರ ಬೆಳಿಗ್ಗೆ ಏಳೂವರೆಗೆ ಹೊರಟೆವು. ಪೈಪನ್ನು ಕಂಬಳಿಯಲ್ಲಿ ಸುತ್ತಿದ್ದೆವು. ಅದನ್ನು ನಿಲ್ಲಿಸುವ ಮರದ ಪೀಠದ ಹಲಗೆಗಳನ್ನು ಬಿಚ್ಚಿ ಒಂದರ ಮೇಲೊಂದಿಟ್ಟು ಹಗ್ಗದಿಂದ ಕಟ್ಟಿದ್ದೆವು. ಕನ್ನಡಿಯ ಡಬ್ಬಿ ಭಾಗ್ಯರ ಮಡಿಲಲ್ಲಿ. ಪಿರಿಯಾಪಟ್ಟಣದಿಂದ ಹುಣಸೂರಿಗೆ ಹೊರಟ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು ಕಂಬಳಿಯ ತುದಿ ಎತ್ತಿ ನೋಡಿದರು.

"ಏನಮ್ಮ, ಬೋರ್ ಹಾಕ್ಸ್ತಾ ಇದ್ದೀರಾ?"

"ಅಲ್ಲ ಕಣಣ್ಣ, ಚಂದ್ರನ್ನ ನೋಡೋ ದುರ್ಬೀನು," ಎಂದರು ಭಾಗ್ಯ.

"ಕೇಸಿಂಗ್ ಪೈಪಂಗದೆ?"

"ಪೈಪೇ. ಅದ್ರಲ್ಲೇ ದುರ್ಬೀನು ಮಾಡಿರೋದು."

ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡಿಲ್ಲ. ಕಂಡಕ್ಟರು ನಮ್ಮಿಬ್ಬರಿಗೂ ಸೊನ್ನೆ ರೂಪಾಯಿಯ ಚೀಟಿ ಹರಿದು, ಪೈಪಿಗೆ ಲಗೇಜು ಚೀಟಿ ಕೊಟ್ಟರು. "ನಿಮ್ಗೆ ಫ್ರೀ, ಚಂದ್ರಂಗೆ ಟಿಕೆಟ್ಟು," ಎಂದು ಮುಂದಕ್ಕೆ ಹೋದರು. ಹಿಂದಿನ ಸೀಟಿನಲ್ಲಿದ್ದ ಮುದುಕರೊಬ್ಬರಿಗೆ ಇದನ್ನೆಲ್ಲ ವಿವರಿಸುವುದರಲ್ಲಿ ಹುಣಸೂರು ಬಂತು. ಎಲ್ಲ ಕೇಳಿ ಆದಮೇಲೆ ಅವರು, "ಬರಿಗಣ್ಗೇ ಚಂದಾಗಿ ಕಾಣ್ತನಲ್ಲ," ಎಂದರು.

ಹುಣಸೂರಿನಲ್ಲಿ ಇಡ್ಲಿ ತಿಂದೆವು. ಕೋಟೆಯ ಬಸ್ಸು ಹತ್ತೂಕಾಲಕ್ಕೆ ಹೊರಟಿತು. ಊರು ದಾಟಿ ಸ್ವಲ್ಪ ದೂರ ಹೋಗುತ್ತಿದ್ದಂತೆ ಮೋಡ ಹರಿದು ಬಿಸಿಲು ಬಂತು. ರಸ್ತೆಯ ಅರ್ಧಭಾಗದಲ್ಲಿ ರಾಗಿ ಹರಡಿದ್ದರು; ಬಸ್ಸುಗಳೇ ಅದನ್ನು ತುಳಿದು ಒಕ್ಕಣೆ ಮಾಡಿಕೊಡುತ್ತಿದ್ದವು. ಎಚ್.ಡಿ. ಕೋಟೆಯಲ್ಲಿ ಮತ್ತೆ ಬಸ್ಸು ಬದಲಿಸಿದೆವು. ಹ್ಯಾಂಡ್‌ಪೋಸ್ಟ್ ದಾಟಿ ಕೇರಳದ ರಸ್ತೆ ಹಿಡಿದ ಮೇಲೆ ಎದುರಿಗೆ ಬಂದ ಲಾರಿಗಳ ಮೇಲೆಲ್ಲ ಮಲಯಾಳಂ ಬರಹ. ಬಸ್ಸಿನೊಳಗೂ ಆ ಮಾತು ಕೇಳಿಸುತ್ತಿತ್ತು. ದಾರಿಯುದ್ದಕ್ಕೂ ಭಾಗ್ಯ ಡಬ್ಬಿಯ ಮುಚ್ಚಳದ ಮೇಲಿಟ್ಟ ಕೈ ತೆಗೆಯಲಿಲ್ಲ. ಹಳ್ಳ ಬಂದಾಗ ಡಬ್ಬಿಯನ್ನು ಮಡಿಲಿನಿಂದ ಎತ್ತಿ ಹಿಡಿಯುತ್ತಿದ್ದರು.

ಶಿವಣ್ಣ ಬೈಕಿನಲ್ಲಿ ಬಂದು ಹಲಗೆಗಳನ್ನು ಒಯ್ದರು. ಪೈಪನ್ನು ನಾನೂ ಭಾಗ್ಯರೂ ಆಚೆ ಈಚೆ ಹಿಡಿದು ನಡೆದೆವು. ಊರಿನ ಕೊನೆಯ ಮನೆ ಅವರದು. ಮನೆಯ ಹಿಂದೆ ಕಣ, ಕಣದ ಆಚೆ ಹೊಲ, ಹೊಲ ಮುಗಿದರೆ ಆನೆ ತಡೆಯಲು ತೋಡಿದ ಕಂದಕ, ಅದರ ಆಚೆ ಕಾಡು. ಊಟವಾದ ಮೇಲೆ ನಾನು ಪೀಠ ಜೋಡಿಸಿ, ಕನ್ನಡಿಯನ್ನು ಪೈಪಿನ ತಳಕ್ಕೆ ಕೂರಿಸಿ, ನೇರ ಮಾಡುವ ಕೆಲಸ ಹಿಡಿದೆ. ನಾಲ್ಕು ಗಂಟೆಯ ಹೊತ್ತಿಗೆ ನೀಲಿ ಆಕಾಶದಲ್ಲಿ ತೆಳುವಾದ ಚಂದ್ರ ಆಗಲೇ ಕಾಣುತ್ತಿದ್ದ.

ನಾನು ಟೆಲಿಸ್ಕೋಪನ್ನು ಹೊಲದ ಮಧ್ಯದಲ್ಲಿ ಇಡಬೇಕೆಂದಿದ್ದೆ. ಮನೆಗಳ ಬೆಚ್ಚಗಿನ ಗಾಳಿಯಿಂದ ದೂರವಿದ್ದಷ್ಟೂ ಒಳ್ಳೆಯದು. ಐದೂವರೆಗೆ ಅರಣ್ಯ ಇಲಾಖೆಯ ಕಾವಲುಗಾರರೊಬ್ಬರು ಕಣದ ಕಡೆ ಬಂದರು. ಹೆಸರು ಬೊಮ್ಮಯ್ಯ, ಹತ್ತಿರದ ಹಾಡಿಯವರು. ಕಾಡಂಚಿನ ಜೇನುಕುರುಬರ ಕೇರಿಗೆ ಇಲ್ಲಿ ಹಾಡಿ ಎನ್ನುತ್ತಾರೆ. ಐವತ್ತು ದಾಟಿರಬಹುದು, ಸಣಕಲು ದೇಹ, ಹೆಗಲಲ್ಲಿ ಟಾರ್ಚು.

"ಶಿವಣ್ಣೋ, ಕಂದಕದ ಆ ಬದಿ ಒಂದು ಗಂಡಾನೆ ನಿಂತದೆ. ಒಲದ್ತಾವ ಯಾರೂ ಓಗ್ಬ್ಯಾಡಿ," ಎಂದರು. ಆಮೇಲೆ ಪೈಪಿನ ಸುತ್ತ ಒಂದು ಸುತ್ತು ಬಂದು, "ಇದೇನವ್ವ?" ಎಂದು ನನ್ನನ್ನು ಕೇಳಿದರು. ಹೇಳಿದೆ. "ಹೊತ್ತು ಮುಳುಗ್ಲಿ, ನಾನೂ ನೋಡ್ತೀನಿ," ಎಂದು ಕಣದ ಕಲ್ಲಿನ ಮೇಲೆ ಕುಳಿತುಕೊಂಡರು. ಟೆಲಿಸ್ಕೋಪನ್ನು ಹೊಲದ ಬದಲು ಕಣದಲ್ಲೇ ಇಟ್ಟೆವು.

ಆರೂವರೆಗೆ ಮೊದಲ ಸಲ ನೋಡಿದೆ. ಚಂದ್ರ ಕುದಿಯುವ ನೀರಿನಲ್ಲಿ ಬಿದ್ದಂತೆ ಅಲುಗುತ್ತಿದ್ದ. ಮಧ್ಯಾಹ್ನದಿಂದ ಬಿಸಿಲು ಕುಡಿದ ಗಾಜು ತಣ್ಣಗಾಗುವವರೆಗೂ ಹೀಗೆಯೇ ಎಂದು ಗೊತ್ತಿತ್ತು. ಕಾದೆವು. ಅಷ್ಟರಲ್ಲಿ ಟ್ರೈಪಾಡು ನಿಲ್ಲಿಸಿ ನನ್ನ ಆರುನೂರರ ಲೆನ್ಸಿನಿಂದ ಹೋಲಿಕೆಗೆ ಒಂದಷ್ಟು ಚಿತ್ರ ತೆಗೆದುಕೊಂಡೆ. ಚಳಿ ಏರತೊಡಗಿತು. ಏಳು ಗಂಟೆಗೆ ಮತ್ತೆ ಕಣ್ಣಿಟ್ಟೆ.

ಅಲುಗಾಟ ನಿಂತಿತ್ತು. ಬೆಳಕು ನೆರಳು ಸೇರುವ ಗೆರೆಯ ಮೇಲೆ ಮೂರು ದೊಡ್ಡ ಕುಳಿಗಳು ಸರಪಣಿಯ ಕೊಂಡಿಗಳಂತೆ ಕಂಡವು. ಲೇಪವಿಲ್ಲದ್ದರಿಂದ ಬೆಳಕು ಕಣ್ಣಿಗೆ ಚುಚ್ಚುತ್ತಿರಲಿಲ್ಲ, ಹಾಲಿನಂತಿತ್ತು. ಆದರೆ ಯಾವುದೂ ಕಡೆಯ ಮಟ್ಟಕ್ಕೆ ಚೂಪಾಗಲಿಲ್ಲ. ಫೋಕಸ್ಸಿನ ತಿರುಪನ್ನು ಆ ಕಡೆ ಈ ಕಡೆ ಎಷ್ಟು ತಿರುಗಿಸಿದರೂ ತುಪ್ಪ ಸವರಿದ ಗಾಜಿನ ಹಿಂದಿನಿಂದ ನೋಡಿದ ಹಾಗೆ. ಚಂದ್ರನ ಹೊರ ಅಂಚಿನಿಂದ ಬೆಳಕು ಕಪ್ಪು ಆಕಾಶಕ್ಕೆ ಸೋರುತ್ತಿತ್ತು. ಇದರ ಅರ್ಥ ನನಗೆ ತಿಳಿದಿತ್ತು. ಕನ್ನಡಿಯ ಅಂಚು ಬಿದ್ದಿತ್ತು. ಅಂದರೆ, ಅಂಚಿನ ಬಳಿ ಗಾಜು ಬೇಕಾದದ್ದಕ್ಕಿಂತ ಹೆಚ್ಚು ಸವೆದಿತ್ತು.

ಭಾಗ್ಯ ನನ್ನ ಪಕ್ಕದಲ್ಲೇ, ಸೆರಗು ಹೊದ್ದು ನಿಂತಿದ್ದರು. "ಎಂಗದೆ ಟೀಚರ್?"

ನಾನು, "ಚೆನ್ನಾಗಿದೆ," ಎಂದುಬಿಟ್ಟೆ.

ಯಾಕೆ ಹಾಗೆಂದೆ ಎಂದು ಆಮೇಲೆ ಯೋಚಿಸಿದ್ದೇನೆ. ತೀರಿಕೊಂಡವರ ಎರಡು ವರ್ಷದ ಕೆಲಸಕ್ಕೆ ಅವರ ಹೆಂಡತಿಯ ಎದುರು ನಿಂತು ತಪ್ಪು ಹೇಳುವುದು ಹೇಗೆಂದು ತೋಚಲಿಲ್ಲ. ಗುಂಪಿನವರಿಗೂ ಒಳ್ಳೆಯ ಸುದ್ದಿಯೇ ಬೇಕಾಗಿತ್ತು. ಲೇಪ ಹಾಕಿಸಿ, ಹೆಸರು ಕೆತ್ತಿಸಿ, ಗೋಡೆಗೆ ಒರಗಿಸಿಟ್ಟರೆ ಆಕಾರದ ಗೊಡವೆ ಯಾರಿಗೆ? ಇಷ್ಟೆಲ್ಲವೂ ಒಂದು ಉಸಿರಿನಲ್ಲಿ ತಲೆಯಲ್ಲಿ ಹಾದುಹೋಯಿತು.

ಭಾಗ್ಯ ನೋಡಿದರು. ಬಹಳ ಹೊತ್ತು ನೋಡಿ ಪಕ್ಕಕ್ಕೆ ಸರಿದರು. ಶಿವಣ್ಣ ನೋಡಿ, "ಓಹೋಹೋ, ಗುಂಡಿ ಗುಂಡಿ ಆಗದೆ ಕಣಕ್ಕ," ಎಂದರು. ಕೊನೆಗೆ ಬೊಮ್ಮಯ್ಯ ಬಂದರು. ಬಗ್ಗಿ, ಉಸಿರು ಬಿಗಿಹಿಡಿದು, ಕತ್ತಲೆಯ ಕಾಡನ್ನು ನೋಡುವ ಹಾಗೆ ನಿಧಾನವಾಗಿ ನೋಡಿದರು.

"ನಡುಮಧ್ಯ ಚಂದಾಗದೆ," ಎಂದರು. "ಸುತ್ತ ಮಾತ್ರ ಒಗೆ ಇಡ್ದಂಗದೆ. ಇದು ಚಂದ್ರಂದಾ, ಗಾಜಿಂದಾ?"

ಭಾಗ್ಯ ನನ್ನ ಕಡೆ ತಿರುಗಿದರು. ಕತ್ತಲಾಗಿತ್ತು, ಮುಖ ಸರಿಯಾಗಿ ಕಾಣಿಸಲಿಲ್ಲ.

"ನಂಗೂ ಅಂಗೇ ಕಾಣ್ತು. ನೀವು ಚೆನ್ನಾಗದೆ ಅಂದ್ರಲ್ಲ ಟೀಚರ್?"

ಇಪ್ಪತ್ತಾರು ವರ್ಷ ಮಕ್ಕಳಿಗೆ ಕಂಡದ್ದನ್ನು ಕಂಡಂತೆ ಬರೆಯಿರಿ ಎಂದು ಹೇಳಿಕೊಟ್ಟವಳು ನಾನು. "ತಪ್ಪು ಹೇಳಿದೆ ಭಾಗ್ಯ," ಎಂದೆ. "ಗಾಜಿನದೇ. ಅಂಚು ಬಿದ್ದಿದೆ. ನಡುವಿನದು ಹೇಗಿದೆ ಅಂತ ಈಗಲೇ ತೋರಿಸುತ್ತೇನೆ. ಒಂದು ರಟ್ಟು, ಒಂದು ಚಿಕ್ಕ ತಟ್ಟೆ, ಕತ್ತರಿ ಬೇಕು."

ಶಿವಣ್ಣ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯೊಂದನ್ನು ತಂದರು. ಭಾಗ್ಯ ಟಾರ್ಚು ಹಿಡಿದರು. ತಟ್ಟೆ ಇಟ್ಟು ದುಂಡಗೆ ಗೆರೆ ಎಳೆದು, ರಟ್ಟಿನ ನಡುವೆ ಐದಿಂಚಿನ ತೂತು ಕತ್ತರಿಸಿ, ಪೈಪಿನ ಬಾಯಿಗೆ ಅಡ್ಡ ಕಟ್ಟಿದೆ. ಈಗ ಕನ್ನಡಿಯ ಅಂಚಿಗೆ ಬೆಳಕು ಬೀಳುವುದಿಲ್ಲ, ನಡುಭಾಗಕ್ಕೆ ಮಾತ್ರ. ಕಣ್ಣಿಟ್ಟೆ. ಸೋರುತ್ತಿದ್ದ ಬೆಳಕು ನಿಂತಿತ್ತು. ಚಂದ್ರನ ಅಂಚು ಬ್ಲೇಡಿನಿಂದ ಕೊಯ್ದಂತಿತ್ತು. ಮೂರು ಕುಳಿಗಳಲ್ಲಿ ಒಂದರ ನಡುವೆ ಬೆಟ್ಟದ ತುದಿಯೊಂದು ಬಿಸಿಲಿಗೆ ಬಂದಿತ್ತು. ಅದರ ನೆರಳು ಸೂಜಿಯ ಮೊನೆಯಷ್ಟು ಸಣ್ಣಗೆ ಪಕ್ಕದಲ್ಲಿ ಬಿದ್ದಿತ್ತು. ಆ ನೆರಳನ್ನು ನನ್ನ ಲೆನ್ಸು ಹತ್ತು ವರ್ಷದಲ್ಲಿ ಒಂದು ದಿನವೂ ನನಗೆ ತೋರಿಸಿರಲಿಲ್ಲ.

ಕ್ಯಾಮೆರಾ ಕೂರಿಸಿ ರಟ್ಟು ಹಾಕಿ ಮೂವತ್ತು ಚಿತ್ರ, ರಟ್ಟು ತೆಗೆದು ಮೂವತ್ತು ಚಿತ್ರ ತೆಗೆದೆ. ಎರಡನ್ನೂ ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ ತೋರಿಸಿದೆ. ಬೊಮ್ಮಯ್ಯ ರಟ್ಟು ಹಾಕಿದ ಚಿತ್ರ ನೋಡಿ, "ಈಗ ಒಗೆ ಓಯ್ತು," ಎಂದು ಎದ್ದು, ಕಂದಕದ ಕಡೆ ಟಾರ್ಚು ಬಿಟ್ಟು ನೋಡಿ, ಹಾಡಿಯ ದಾರಿ ಹಿಡಿದರು.

ಭಾಗ್ಯ ಇನ್ನೂ ಪರದೆಯನ್ನೇ ನೋಡುತ್ತಿದ್ದರು. "ಅಂಚು ಯಾಕೆ ಬೀಳ್ತದೆ ಟೀಚರ್?"

"ಹಲವು ಕಾರಣ. ಕೊನೆಯ ಹೊಳಪು ಕೊಡುವಾಗ ಕೈ ಉದ್ದಕ್ಕೆ ತಳ್ಳಿದರೆ ಬೀಳುತ್ತದೆ. ಅಂಚಿನ ಮೇಲೆ ಭಾರ ಬಿಟ್ಟರೂ ಬೀಳುತ್ತದೆ. ನಂಜುಂಡ ಅವರು ಕೊನೆಯ ದಿನಗಳಲ್ಲಿ ಸುಸ್ತಾಗಿದ್ದರೇನೋ."

"ಅವ್ರಲ್ಲ," ಎಂದರು ಭಾಗ್ಯ. "ಅದು ನನ್ನ ಕೈ."

ಕಣದ ಕಲ್ಲಿನ ಮೇಲೆ ಕುಳಿತು ಹೇಳಿದರು. ಹಿಂದಿನ ವರ್ಷದ ದಸರಾದ ಹೊತ್ತಿಗೆ ನಂಜುಂಡನಿಗೆ ಮೊದಲ ಸಲ ಎದೆನೋವು ಬಂದಿತ್ತು. ಡಾಕ್ಟರು ಮೈಬಗ್ಗಿಸುವ ಕೆಲಸ ಕೂಡದು ಅಂದಿದ್ದರು. ಗಾಜಿಗೆ ಗುಳಿ ತೋಡುವ ಒರಟು ಕೆಲಸ ಅಷ್ಟರಲ್ಲಿ ಮುಗಿದಿತ್ತು. ಹೊಳಪು ಕೊಟ್ಟು ಆಕಾರ ತರುವ ನಾಜೂಕಿನ ಕೆಲಸ ಪೂರ್ತಿ ಬಾಕಿ. ದಸರಾದಿಂದ ಯುಗಾದಿಯವರೆಗೆ, ಅಂಗಡಿ ಬಾಗಿಲು ಹಾಕಿದ ಮೇಲೆ ದಿನಾ ಒಂದು ಗಂಟೆ, ಭಾಗ್ಯ ಉಜ್ಜಿದರು. ಗಂಡ ಸ್ಟೂಲಿನ ಮೇಲೆ ಕುಳಿತು ಎಣಿಸುತ್ತಿದ್ದರು. ಆರಾದ ಕೂಡಲೇ "ಹೆಜ್ಜೆ" ಎನ್ನುತ್ತಿದ್ದರು.

"ಗ್ರೂಪ್ನಾಗೆ ಆಕ್ತೀನಿ, ಭಾಗ್ಯ ಉಜ್ತಾವ್ಳೆ ಅಂತ, ಅಂದ್ರು. ನಾನೇ ಬ್ಯಾಡ ಅಂದೆ. ಕೆಟ್ರೆ ನಿಮ್ಮೆಸ್ರು ಕೆಡ್ಲಿ, ನಂದ್ಯಾಕೆ ಅಂದೆ." ಅವರು ನಕ್ಕರು. ಆಮೇಲೆ, "ಅವ್ರು ತೀರ್ಕಂಡ್ಮೇಲೆ ಒಂದಿನ ಡ್ರಮ್ಮಿನ್ತಾವ ನಿಂತ್ಕಂಡೆ. ಎಣ್ಸೋರಿಲ್ದೆ ಕೈ ಓಡ್ನಿಲ್ಲ. ಡಬ್ಬೀಲಿ ಇಟ್ಬುಟ್ಟೆ," ಎಂದರು.

ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಐದಿಂಚು ಇಷ್ಟು ಚೆನ್ನಾಗಿ ಬರುವುದು ಕಲಿತವರಿಗೂ ಕಷ್ಟ. ರಟ್ಟಿನ ಬದಲು ಒಂದು ತಗಡಿನ ಬಳೆ ಹಾಕಿ ಈಗಲೇ ಲೇಪ ಮಾಡಿಸಬಹುದು. ಹಾಗೆ ಎಷ್ಟೋ ಜನ ಮಾಡುತ್ತಾರೆ. ಅಂಚನ್ನು ಸರಿಮಾಡಲು ಹೊರಟರೆ ಇಡೀ ಗಾಜನ್ನು ಮತ್ತೆ ಉಜ್ಜಬೇಕು. ನಡುವಿನ ಒಳ್ಳೆಯ ಭಾಗ ಕೆಟ್ಟರೂ ಕೆಡಬಹುದು.

"ಎಷ್ಟು ದಿನ ಇಡೀತದೆ?"

"ಒಂದು ತಿಂಗಳೋ ಎರಡೋ. ನಿಜವಾಗಿ ನನಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರಲ್ಲ, ಅದು ಒಳ್ಳೇದಾಯ್ತು," ಎಂದರು ಭಾಗ್ಯ. ಒಳಗಿನಿಂದ ಶಿವಣ್ಣನ ಹೆಂಡತಿ ಊಟಕ್ಕೆ ಕರೆದರು. ಉಪ್ಸಾರು, ಮುದ್ದೆ. ಎಂಟೂವರೆಗೆ ಎಲ್ಲ ಸಾಮಾನು ಒಳಗಿಟ್ಟೆವು.

ಸೋಮವಾರ ಬೆಳಿಗ್ಗೆ ಆರೂಕಾಲಕ್ಕೆ ಮಂಜು ಕವಿದಿತ್ತು. ಬಸ್ಸು ನಿಲ್ಲುವಲ್ಲಿಗೆ ಭಾಗ್ಯ ಬಂದರು. ಅವರು ಇನ್ನೊಂದು ದಿನ ತಮ್ಮನ ಮನೆಯಲ್ಲಿದ್ದು ಹೊರಡುವವರು. ಕನ್ನಡಿಯನ್ನು ಸಂಜೆಯೊಳಗೆ ಮೈಸೂರಿಗೆ ಮುಟ್ಟಿಸುವುದು ನನ್ನ ಹೊಣೆಯಾಗಿತ್ತು. ಡಬ್ಬಿಗಾಗಿ ನಾನು ಚೀಲದಲ್ಲಿ ಜಾಗ ಮಾಡಿಟ್ಟಿದ್ದೆ. ಅವರ ಕೈಯಲ್ಲಿ ಡಬ್ಬಿ ಇರಲಿಲ್ಲ.

"ಕೊಡಾಕಿಲ್ಲ ಟೀಚರ್. ಬೇಜಾರು ಮಾಡ್ಕಬ್ಯಾಡಿ," ಎಂದರು. "ಊರ್ಗೆ ಓಗಿ ಸುರು ಮಾಡ್ತೀನಿ. ನಿಮ್ಮ ಪುಸ್ತಕದಾಗೆ ಅಂಚಿನ ಬಗ್ಗೆ ಏನೈತೋ ಅದ್ನ ಫೋಟೊ ತೆಗ್ದು ಕಳ್ಸಿ. ಇಂಗ್ಲಿಷ್ನಾಗಿದ್ರೆ ಕನ್ನಡದಾಗೆ ಬರ್ದು ಕಳ್ಸಿ."

"ಕೆಟ್ಟರೆ?"

"ಕೆಟ್ರೆ ನಂದೇ ಕೆಡೋದು. ಅವ್ರು ತೋಡಿದ ಗುಳಿ ಎಲ್ಲೂ ಓಗಾಕಿಲ್ಲವಲ್ಲ."

ಗುಂಪಿನವರಿಗೆ ಏನು ಹೇಳಲಿ, ಹೆಸರು ಕೆತ್ತಿಸಲು ಕಾಯುತ್ತಿದ್ದಾರೆ ಎಂದೆ.

"ಎಸ್ರು ಈಗ್ಲೇ ಬ್ಯಾಡ. ಕೆಲ್ಸ ಮುಗುದಿಲ್ವಲ್ಲ. ಯಾರು ಉಜ್ಜುದ್ರು ಅಂತ ಕೇಳುದ್ರೆ ಯೋಳಿ, ಬಚ್ಚಿಡೋದೇನದೆ."

ಬಸ್ಸು ಬಂತು. ಹತ್ತಿ ಕುಳಿತು ಹಿಂದಕ್ಕೆ ನೋಡಿದೆ. ಭಾಗ್ಯ ಕೈ ಬೀಸಲು ನಿಂತಿರಲಿಲ್ಲ. ಆಗಲೇ ತಿರುಗಿ, ಮಂಜಿನಲ್ಲಿ ಬೇಗಬೇಗ ಮ‌ನೆಯ ಕಡೆ ನಡೆಯುತ್ತಿದ್ದರು. ಎರಡು ವಿದ್ಯುತ್ ಕಂಬ ದಾಟುವಷ್ಟರಲ್ಲಿ ಕಾಣದಾದರು.

ಕೋಟೆಯಲ್ಲಿ ಬಸ್ಸು ಬದಲಿಸಿ ಹುಣಸೂರಿನ ದಾರಿಯಲ್ಲಿದ್ದಾಗ ಎರಡು ಚಿತ್ರಗಳನ್ನೂ ಗುಂಪಿಗೆ ಕಳಿಸಿದೆ. ರಟ್ಟಿಲ್ಲದ್ದು, ರಟ್ಟು ಹಾಕಿದ್ದು. ಕೆಳಗೆ ಬರೆದೆ: "ನಡುಭಾಗ ನಮ್ಮಲ್ಲಿ ಯಾರ ಲೆನ್ಸಿಗಿಂತಲೂ ಉತ್ತಮ. ಅಂಚು ಬಿದ್ದಿದೆ. ಈ ಸಲ ಲೇಪಕ್ಕೆ ಬರುವುದಿಲ್ಲ. ಉಜ್ಜಿದವರೇ ಮತ್ತೆ ಸರಿಮಾಡುತ್ತಾರೆ."

ಹುಣಸೂರಿನಲ್ಲಿ ಇಳಿದು ಕೆ.ಆರ್. ನಗರದ ಬಸ್ಸು ಹತ್ತುವಾಗ ಮೈಸೂರಿನ ಸದಸ್ಯರು ಕೇಳಿದರು: "ಅರ್ಥವಾಗಲಿಲ್ಲ ಮೇಡಂ. ಉಜ್ಜಿದವರು ಇಲ್ಲವಲ್ಲ?"

"ಇದ್ದಾರೆ," ಎಂದು ಬರೆದು, ಭಾಗ್ಯರ ಹೆಸರು ಕಳಿಸಿದೆ. ಮೂರನೇ ಪೀರಿಯಡ್ಡಿನ ಗಂಟೆ ಹೊಡೆಯುವಾಗ ಶಾಲೆಯ ಗೇಟು ದಾಟಿದೆ.